ಮಾನಿಟರ್ ಕೂಗುವ ಮೊದಲು

ಯಾವುದಾದರೂ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಹತ್ತು ರೋಗಿಗಳ ಚಾರ್ಟ್ ತೆರೆದು ನೋಡಿ. ಪಲ್ಸ್ ಒಬ್ಬರದು 78, ಇನ್ನೊಬ್ಬರದು 104. ಬಿಪಿಯೂ ಒಬ್ಬೊಬ್ಬರದು ಒಂದೊಂದು ರೀತಿ. ಉಸಿರಾಟದ ಕಾಲಮ್ಮಿಗೆ ಬಂದರೆ ಮಾತ್ರ ಎಲ್ಲರೂ ಸರಿಸಮಾನರು: 20, 20, 18, 20, 20. ನ್ಯುಮೋನಿಯಾ ಆದವರೂ ಅಷ್ಟೇ ಉಸಿರಾಡುತ್ತಾರೆ, ಹರ್ನಿಯಾ ಆಪರೇಷನ್ನಿಗೆ ಕಾದು ಕೂತವರೂ ಅಷ್ಟೇ ಉಸಿರಾಡುತ್ತಾರೆ. ಪಲ್ಸ್, ಬಿಪಿ, ಸ್ಯಾಚುರೇಶನ್‌ಗಳನ್ನು ಯಂತ್ರ ಹೇಳುತ್ತದೆ. ಉಸಿರನ್ನು ಮಾತ್ರ ಮನುಷ್ಯರೇ ನಿಂತು ಎಣಿಸಬೇಕು. ಎಣಿಸಲು ಪುರಸೊತ್ತಿಲ್ಲದಾಗ 20 ಎಂದು ಬರೆಯುವುದು ವಾಡಿಕೆಯಾಗಿಬಿಟ್ಟಿದೆ. ಇದು ನಮ್ಮಲ್ಲಿ ಮಾತ್ರ ಇರುವ ರೋಗವೂ ಅಲ್ಲ.

ರೋಗಿ ಕೈತಪ್ಪುತ್ತಿದ್ದಾನೆ ಎಂಬ ಸುಳಿವನ್ನು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಕೊಡುವುದು ಈ ಅಂಕಿಯೇ. ಆಸ್ಪತ್ರೆಯೊಳಗೇ ಹೃದಯ ನಿಂತ ರೋಗಿಗಳ ದಾಖಲೆಗಳನ್ನು ತಿರುವಿ ಹಾಕಿದ ಅಮೆರಿಕದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 84ರಷ್ಟು ಮಂದಿಯಲ್ಲಿ ಅದಕ್ಕೆ ಹಿಂದಿನ ಎಂಟು ಗಂಟೆಗಳಲ್ಲೇ ಸ್ಥಿತಿ ಹದಗೆಟ್ಟ ಗುರುತುಗಳು ದಾಖಲಾಗಿದ್ದವು. ಅಂದರೆ ‘ಇದ್ದಕ್ಕಿದ್ದಂತೆ ಹೀಗಾಯಿತು’ ಎಂದು ನಾವು ಮನೆಯವರಿಗೆ ಹೇಳುವುದರಲ್ಲಿ ಬಹುಪಾಲು ಇದ್ದಕ್ಕಿದ್ದಂತೆ ಆದದ್ದಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಜಾರಿಗೆ ತಂದು 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್’ ಅಂಕಪಟ್ಟಿ ಹುಟ್ಟಿದ್ದು ಈ ತಿಳಿವಳಿಕೆಯಿಂದ. ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ, 21ರಿಂದ 24 ಆದರೆ ಎರಡು ಅಂಕ, 25 ಮುಟ್ಟಿದರೆ ಮೂರು. ಸ್ಯಾಚುರೇಶನ್, ಆಮ್ಲಜನಕ ಹಾಕಿದೆಯೋ ಇಲ್ಲವೋ, ಬಿಪಿ, ಪಲ್ಸ್, ಪ್ರಜ್ಞೆ, ಜ್ವರ ಇವುಗಳ ಅಂಕಗಳನ್ನೂ ಕೂಡಿದಾಗ ಐದು ಬಂದರೆ ಡಾಕ್ಟರು ಬೇಗ ಬಂದು ನೋಡಬೇಕು, ಏಳು ಬಂದರೆ ತುರ್ತು ತಂಡವೇ ಬರಬೇಕು. ಒಂದು ಪೆನ್ನು, ಒಂದು ಗಡಿಯಾರ ಇದ್ದರೆ ಸಾಕು. ಆದರೆ ಎಲ್ಲರಿಗೂ 20 ಬರೆಯುವ ವಾರ್ಡಿನಲ್ಲಿ ಎಂಥ ಅಂಕಪಟ್ಟಿಯೂ ದಂಡ.

ತೀವ್ರ ನಿಗಾ ಎಂದರೆ ಯಂತ್ರಗಳನ್ನು ನಡೆಸುವ ವಿದ್ಯೆ ಎಂದು ಹೊರಗಿನವರು ಭಾವಿಸುತ್ತಾರೆ. ಹೊಸದಾಗಿ ಐಸಿಯುಗೆ ಬಂದ ಸಿಸ್ಟರುಗಳೂ ಭಾವಿಸುತ್ತಾರೆ. ಚರಿತ್ರೆ ಹೇಳುವುದು ಬೇರೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಉಸಿರಾಟದ ಸ್ನಾಯುಗಳು ಸೋತವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿಸಿ, ಟ್ಯೂಬ್ ಇಟ್ಟು, ಕೈಯಿಂದ ಬ್ಯಾಗ್ ಒತ್ತಿ ಉಸಿರು ಕೊಟ್ಟರು. ಹುಡುಗಿ ಉಳಿದಳು. ಆಮೇಲೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕೂತು ಹಗಲಿರುಳು ಬ್ಯಾಗ್ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕೆ ಇಳಿಯಿತು. ಮರುವರ್ಷ ಇಬ್ಸೆನ್ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ತೆರೆದ ವಿಭಾಗವನ್ನೇ ಜಗತ್ತಿನ ಮೊದಲ ಐಸಿಯು ಎನ್ನುತ್ತಾರೆ. ಅಲ್ಲಿ ಹೊಸದಾಗಿದ್ದದ್ದು, ಒಬ್ಬ ರೋಗಿಯ ಪಕ್ಕ ಕಣ್ಣು ತೆಗೆಯದೆ ಕೂತಿರುವ ಒಬ್ಬ ಮನುಷ್ಯ.

ಹಾಗೆಂದು ಯಂತ್ರಜ್ಞಾನ ಬೇಡವೆಂದಲ್ಲ. ಆದರೆ ನರ್ಸ್ ಮೊದಲು ಕಲಿಯಬೇಕಾದದ್ದು ಯಂತ್ರ ಯಾವಾಗ ಸುಳ್ಳು ಹೇಳುತ್ತದೆ ಎಂಬುದನ್ನು. ಜಪಾನಿನ ತಕುವೊ ಅಓಯಾಗಿ 1974ರಲ್ಲಿ ರೂಪಿಸಿದ ತತ್ತ್ವದ ಮೇಲೆ ನಡೆಯುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಬೆರಳು ತಣ್ಣಗಿದ್ದರೆ, ಬಿಪಿ ಕುಸಿದಿದ್ದರೆ, ಉಗುರಿಗೆ ಬಣ್ಣ ಬಳಿದಿದ್ದರೆ ಅದು ತಪ್ಪು ಹೇಳುತ್ತದೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಿ ನಿಜವಾದ ಕೊರತೆಯನ್ನು ಮುಚ್ಚಿಡುವುದು ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನ ಕಂಡುಕೊಂಡಿತು. ನಮ್ಮ ಬಣ್ಣದವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇನ್ನೊಂದು ಮೋಸವಿದೆ. ಮಾಸ್ಕಿನಲ್ಲಿ ಆಮ್ಲಜನಕ ಹೋಗುತ್ತಿರುವಾಗ ಸ್ಯಾಚುರೇಶನ್ 96 ಇದ್ದೇ ಇರುತ್ತದೆ, ಉಸಿರು ಮಾತ್ರ 24, 28, 34 ಎಂದು ಏರುತ್ತಿರುತ್ತದೆ. ಪರದೆಯ 96 ನೋಡಿ ಸಮಾಧಾನಪಟ್ಟವರು ಮೋಸ ಹೋಗುತ್ತಾರೆ.

ಆರ್ಟೀರಿಯಲ್ ಲೈನ್ ಹಾಕಿದ ರೋಗಿಯ ಬಿಪಿಯೂ ಹಾಗೆಯೇ. ಟ್ರಾನ್ಸ್‌ಡ್ಯೂಸರ್ ರೋಗಿಯ ಹೃದಯದ ಮಟ್ಟಕ್ಕೆ, ಅಂದರೆ ಎದೆಯ ನಾಲ್ಕನೇ ಪಕ್ಕೆಲುಬಿನ ಸಂದು ಮತ್ತು ಕಂಕುಳಿನ ನಡುಗೆರೆ ಸೇರುವಲ್ಲಿಗೆ ಸರಿಯಾಗಿರಬೇಕು. ಸ್ಟ್ಯಾಂಡಿಗೆ ಕಟ್ಟಿದ ಟ್ರಾನ್ಸ್‌ಡ್ಯೂಸರನ್ನು ಅಲ್ಲೇ ಬಿಟ್ಟು ಮಂಚವನ್ನು ಮಾತ್ರ 10 ಸೆಂ.ಮೀ. ಎತ್ತಿದರೆ ಪರದೆಯ ಅಂಕಿ ಏಳೂವರೆ ಮಿ.ಮೀ. ಹೆಚ್ಚು ತೋರಿಸುತ್ತದೆ. ನಿಜವಾದ ಸರಾಸರಿ ಒತ್ತಡ 58, ಪರದೆಯಲ್ಲಿ 65. ಸೆಪ್ಸಿಸ್ ಚಿಕಿತ್ಸೆಯಲ್ಲಿ 65 ಎನ್ನುವುದೇ ಮುಟ್ಟಬೇಕಾದ ಗುರಿ. ಮಂಚ ಎತ್ತಿದ್ದಕ್ಕೇ ಗುರಿ ಮುಟ್ಟಿದಂತಾಯಿತು! ಮೂತ್ರಪಿಂಡಕ್ಕೆ ಮಾತ್ರ ಈ ಲೆಕ್ಕ ಗೊತ್ತಿಲ್ಲ, ಅದು 58ರಲ್ಲೇ ಒಣಗುತ್ತಿರುತ್ತದೆ. ಗಂಟೆಗೆ ಕಿಲೋ ತೂಕಕ್ಕೆ ಅರ್ಧ ಮಿ.ಲೀ. ಮೂತ್ರವೂ ಬರುತ್ತಿಲ್ಲವೆಂದರೆ ಪರದೆಗಿಂತ ಯೂರೋಬ್ಯಾಗನ್ನು ನಂಬುವುದು ವಾಸಿ.

ಔಷಧಿಯ ವಿಷಯದಲ್ಲಿ ಬೇಕಾದದ್ದು ಗಣಿತ. 60 ಕಿಲೋ ತೂಕದ ರೋಗಿಗೆ ನಾರ್‌ಅಡ್ರಿನಲಿನ್ ನಿಮಿಷಕ್ಕೆ ಕಿಲೋಗೆ 0.1 ಮೈಕ್ರೋಗ್ರಾಂ ಕೊಡಬೇಕು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 6, ಗಂಟೆಗೆ 360 ಮೈಕ್ರೋಗ್ರಾಂ. 50 ಮಿ.ಲೀ. ಸಿರಿಂಜಿನಲ್ಲಿ 4 ಮಿಲಿಗ್ರಾಂ ಇದ್ದರೆ ಒಂದು ಮಿ.ಲೀ.ಗೆ 80 ಮೈಕ್ರೋಗ್ರಾಂ, ಆದ್ದರಿಂದ ಪಂಪಿನಲ್ಲಿ ಗಂಟೆಗೆ 4.5 ಮಿ.ಲೀ. ಮಧ್ಯರಾತ್ರಿ ಸಿರಿಂಜ್ ಖಾಲಿಯಾಯಿತು. ಹೊಸಬರು ‘ಡಬಲ್ ಸ್ಟ್ರೆಂತ್’ ಎಂದು 8 ಮಿಲಿಗ್ರಾಂ ತುಂಬಿ, ಪಂಪಿನ 4.5 ಹಾಗೆಯೇ ಬಿಟ್ಟರೆ ಡೋಸ್ ಎರಡು ಪಟ್ಟಾಯಿತು. ಆಂಪೂಲಿನ ಲೇಬಲ್ಲಿನಲ್ಲೂ ಒಂದು ತೊಡಕಿದೆ: 2 ಮಿಲಿಗ್ರಾಂ ನಾರ್‌ಅಡ್ರಿನಲಿನ್ ಬೈಟಾರ್ಟ್ರೇಟ್ ಎಂದು ಬರೆದಿದ್ದರೆ ಅದರಲ್ಲಿ ನಾರ್‌ಅಡ್ರಿನಲಿನ್ ಇರುವುದು ಸುಮಾರು 1 ಮಿಲಿಗ್ರಾಂ. ಯಾವ ಲೆಕ್ಕ ಹಿಡಿಯಬೇಕು ಎಂಬುದು ಇಡೀ ಐಸಿಯುಗೆ ಒಂದೇ ಆಗಿರಬೇಕು. ಈ ಔಷಧಿಯ ಪ್ರಭಾವ ಒಂದೆರಡು ನಿಮಿಷದಲ್ಲೇ ಇಳಿದುಹೋಗುವುದರಿಂದ ಹಳೆಯ ಸಿರಿಂಜ್ ಪೂರ್ತಿ ಖಾಲಿಯಾಗುವವರೆಗೆ ಕಾದು, ಆಮೇಲೆ ಹೊಸದನ್ನು ತುಂಬಲು ಹೊರಟರೆ ಅಷ್ಟರಲ್ಲಿ ಬಿಪಿ ನೆಲಕಚ್ಚಿರುತ್ತದೆ. ಒಳ್ಳೆಯ ಐಸಿಯು ನರ್ಸ್ ಮುಂದಿನ ಸಿರಿಂಜನ್ನು ತುಂಬಿ, ಲೇಬಲ್ ಹಚ್ಚಿ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಪೊಟ್ಯಾಸಿಯಂ ಕ್ಲೋರೈಡ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ: ನೇರವಾಗಿ ಚುಚ್ಚಿದರೆ ಹೃದಯ ನಿಲ್ಲುತ್ತದೆ. ನೀರಿನ ಆಂಪೂಲಿನ ಪಕ್ಕ ಅದನ್ನು ಇಡುವ ಟ್ರೇ ಇಂದೇ ಖಾಲಿಯಾಗಬೇಕು.

ವೆಂಟಿಲೇಟರಿನ ಎದುರು ನಿಂತವರಿಗೆ ಭಯ ಹುಟ್ಟಿಸುವುದು ಅಲಾರಂ. ರೋಗಿ ನೀಲಿಗಟ್ಟುತ್ತಿದ್ದಾನೆ, ಯಂತ್ರ ಕೂಗುತ್ತಿದೆ. ಆಗ ಗುಂಡಿ ಒತ್ತಿ ಕಾರಣ ಹುಡುಕುತ್ತ ನಿಲ್ಲಬಾರದು. ಸಹಾಯಕ್ಕೆ ಕೂಗಿ, ಯಂತ್ರ ಕಳಚಿ, ಆಂಬು ಬ್ಯಾಗಿನಿಂದ ಪೂರ್ತಿ ಆಮ್ಲಜನಕ ಕೊಡಬೇಕು. ಸುಲಭವಾಗಿ ಗಾಳಿ ಹೋಗಿ ರೋಗಿ ಚೇತರಿಸಿಕೊಂಡರೆ ದೋಷ ಯಂತ್ರದ್ದು. ಬ್ಯಾಗ್ ಒತ್ತುವುದೇ ಕಷ್ಟವಾದರೆ ಟ್ಯೂಬಿನಲ್ಲಿ ಕಫ ಕಟ್ಟಿದೆಯೇ, ರೋಗಿ ಟ್ಯೂಬ್ ಕಚ್ಚಿದ್ದಾನೆಯೇ, ಟ್ಯೂಬ್ ಜಾರಿದೆಯೇ, ಒಂದು ಕಡೆ ಎದೆ ಏಳುತ್ತಿಲ್ಲವೇ ಎಂದು ನೋಡಬೇಕು. ಆಂಬು ಬ್ಯಾಗ್ ಪ್ರತಿ ವೆಂಟಿಲೇಟರ್ ಪಕ್ಕ ತೂಗುತ್ತಿರಬೇಕು ಎನ್ನುವುದು ಇದಕ್ಕೇ. ಅದು ಬೀರುವಿನಲ್ಲಿ ಬೀಗದೊಳಗಿದ್ದರೆ ಇದ್ದೂ ಇಲ್ಲದಂತೆ.

ವೆಂಟಿಲೇಟರಿನ ಅಂಕಿಗಳನ್ನು ಡಾಕ್ಟರು ನಿರ್ಧರಿಸುತ್ತಾರೆ, ನಿಜ. ಆದರೆ ಆ ಅಂಕಿ ನಿಂತಿರುವುದು ನರ್ಸ್ ಹಿಡಿಯುವ ಟೇಪಿನ ಮೇಲೆ. ಶ್ವಾಸಕೋಶ ತೀವ್ರವಾಗಿ ಹಾಳಾದವರಿಗೆ ಒಂದೊಂದು ಉಸಿರಿಗೆ ಕಿಲೋಗೆ 12 ಮಿ.ಲೀ. ಬದಲು 6 ಮಿ.ಲೀ. ಕೊಟ್ಟಾಗ ಸಾವಿನ ಪ್ರಮಾಣ ಶೇ. 39.8ರಿಂದ 31ಕ್ಕೆ ಇಳಿಯಿತೆಂದು 2000ನೇ ಇಸವಿಯ ಅಮೆರಿಕದ ಪ್ರಯೋಗ ತೋರಿಸಿತು. ಇಲ್ಲಿ ಕಿಲೋ ಎಂದರೆ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕಹಾಕಿದ ತೂಕ. 165 ಸೆಂ.ಮೀ. ಎತ್ತರದ ಗಂಡಸು 90 ಕಿಲೋ ಇದ್ದರೂ ಅವನ ಶ್ವಾಸಕೋಶ 61–62 ಕಿಲೋದವನದೇ. ಅವನಿಗೆ ಬೇಕಾದದ್ದು ಸುಮಾರು 370 ಮಿ.ಲೀ.; 90ನ್ನು ಹಿಡಿದು ಲೆಕ್ಕ ಮಾಡಿದರೆ 540. ಮಲಗಿದ ರೋಗಿಯನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು ಕೇಸ್ ಶೀಟಿನ ಮೇಲೆ ಬರೆಯುವುದು ಎರಡು ನಿಮಿಷದ ಕೆಲಸ. ತಲೆಯ ಕಡೆ ಮಂಚ 30 ಡಿಗ್ರಿ ಎತ್ತಿರುವುದು, ಟ್ಯೂಬಿನ ಕಫ್ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟು ಇರುವುದು, ಬಾಯಿ ಶುಚಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಇವು ಎಲ್ಲರಿಗೂ ಗೊತ್ತಿರುವಂಥವೇ. ಗೊತ್ತಿದ್ದೂ ತಪ್ಪುವುದು ಏಕೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಈ ವಿಷಯದ ಪಠ್ಯಪುಸ್ತಕಗಳ ಬಗ್ಗೆ ನನ್ನದೊಂದು ತಕರಾರಿದೆ. ಇಂಗ್ಲಿಷಿನ ದಪ್ಪ ಪುಸ್ತಕಗಳು ಹೃದಯದೊಳಗೆ ಪಂಪ್ ಕೂರಿಸುವ ಬಗ್ಗೆ ಅಧ್ಯಾಯಗಟ್ಟಲೆ ಬರೆಯುತ್ತವೆ. ರಾಯಚೂರು, ಹಾವೇರಿ, ಚಿತ್ರದುರ್ಗದಂಥ ಜಿಲ್ಲೆಗಳ ಆಸ್ಪತ್ರೆಗಳಿಗೆ ರಾತ್ರಿ ಹೊತ್ತು ಬರುವವರು ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರು, ಹಾವು ಕಚ್ಚಿಸಿಕೊಂಡವರು, ಡೆಂಗಿ ಜ್ವರದವರು. ಇವರಿಗೆ ಆ ಪುಸ್ತಕಗಳಲ್ಲಿ ಸಿಗುವುದು ಒಂದೆರಡು ಪ್ಯಾರಾ.

ಆರ್ಗನೋಫಾಸ್ಫೇಟ್ ವಿಷ ಕುಡಿದವರಿಗೆ ಅಟ್ರೊಪಿನ್ ಕೊಡುತ್ತಾರೆ. ಎಷ್ಟು? ಲೆಕ್ಕ ಪುಸ್ತಕದಲ್ಲಿಲ್ಲ, ರೋಗಿಯ ಮೈಮೇಲಿದೆ. ಎದೆಯ ಗೊರಗೊರ ನಿಂತು ಗಾಳಿ ಸ್ವಚ್ಛವಾಗಿ ಹೋಗಬೇಕು, ಪಲ್ಸ್ 80 ದಾಟಬೇಕು, ಮೇಲಿನ ಬಿಪಿ 80ರ ಮೇಲಿರಬೇಕು, ಕಂಕುಳು ಒಣಗಬೇಕು. ಅಲ್ಲಿಯವರೆಗೆ ಐದೈದು ನಿಮಿಷಕ್ಕೆ ಡೋಸನ್ನು ಇಮ್ಮಡಿಸುತ್ತ ಹೋಗುವುದು ಈಗ ಒಪ್ಪಿತ ಕ್ರಮ. ಕಂಕುಳಲ್ಲಿ ಕೈಯಿಟ್ಟು ನೋಡುವುದು ನರ್ಸ್. ಅತಿಯಾದರೆ ರೋಗಿ ಬಡಬಡಿಸುತ್ತಾನೆ, ಮೈ ಸುಡುತ್ತದೆ, ಹೊಟ್ಟೆಯ ಸದ್ದು ನಿಲ್ಲುತ್ತದೆ. ಅದನ್ನು ಮೊದಲು ಕಾಣುವುದೂ ಅವರೇ. ನಿಜವಾದ ಬಲೆ ಇರುವುದು ಮಾರನೆಯ ದಿನ. ರೋಗಿ ಎದ್ದು ಮಾತಾಡುತ್ತಾನೆ, ಮನೆಯವರು ದೇವರಿಗೆ ಕಾಯಿ ಒಡೆಸಿ ಬರುತ್ತಾರೆ. ವಿಷ ಕುಡಿದ 24ರಿಂದ 96 ಗಂಟೆಯೊಳಗೆ ಕೆಲವರಲ್ಲಿ ಕತ್ತಿನ, ಭುಜದ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲತೊಡಗುತ್ತವೆ. ಇದನ್ನು ಹಿಡಿಯಲು ಯಾವ ಯಂತ್ರವೂ ಬೇಡ. ‘ಅಣ್ಣಾ, ದಿಂಬಿನಿಂದ ತಲೆ ಎತ್ತಿ ನೋಡೋಣ’ ಎಂದು ಪ್ರತಿ ಪಾಳಿಯಲ್ಲೂ ಕೇಳಬೇಕು. ಬೆಳಿಗ್ಗೆ ಎತ್ತಿದವನು ಸಂಜೆ ಎತ್ತಲಾರದೆ ಹೋದರೆ ಸ್ಯಾಚುರೇಶನ್ 98 ಇದ್ದರೂ ಟ್ಯೂಬಿನ ಟ್ರೇ ಸಿದ್ಧವಾಗಬೇಕು. ಕಟ್ಟುಹಾವು ಕಚ್ಚಿದವರಲ್ಲೂ ಇದೇ ಪರೀಕ್ಷೆ ಕೆಲಸಕ್ಕೆ ಬರುತ್ತದೆ. ಅವರಲ್ಲಿ ರೆಪ್ಪೆ ಇಳಿಬೀಳುವುದನ್ನೂ ನೋಡಬೇಕು.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದಿತು. ಮಂಡಲದ ಹಾವು ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ಇಪ್ಪತ್ತು ನಿಮಿಷದ ಪರೀಕ್ಷೆ: ಎರಡು ಮಿ.ಲೀ. ರಕ್ತವನ್ನು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ ಇಟ್ಟು, ಇಪ್ಪತ್ತು ನಿಮಿಷದ ಮೇಲೆ ಒಮ್ಮೆ ಓರೆ ಮಾಡಿ ನೋಡುವುದು. ಟ್ಯೂಬನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ, ಅಥವಾ ಗಾಜಿನ ಬದಲು ಪ್ಲಾಸ್ಟಿಕ್ ಆಗಿದ್ದರೆ ಫಲಿತಾಂಶ ತಪ್ಪು. ಪ್ರತಿವಿಷ ಶುರು ಮಾಡುವ ಮೊದಲೇ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿರಬೇಕು. ಮೈ ತುರಿಸಿ, ಬಿಪಿ ಇಳಿದರೆ ದೊಡ್ಡವರಿಗೆ ತೊಡೆಯ ಸ್ನಾಯುವಿಗೆ ಅರ್ಧ ಮಿಲಿಗ್ರಾಂ. ಅದನ್ನು ಬಿಟ್ಟು ಅವಿಲ್, ಸ್ಟೆರಾಯ್ಡ್ ಹುಡುಕುತ್ತ ಹೊತ್ತು ಕಳೆಯುವುದು ಹಳೆಯ ಅಭ್ಯಾಸ, ಬಿಡಬೇಕಾದ ಅಭ್ಯಾಸ.

ಡೆಂಗಿಯಲ್ಲಿ ಮನೆಯವರದ್ದೂ ಪತ್ರಿಕೆಗಳದ್ದೂ ಒಂದೇ ಪ್ರಶ್ನೆ, ಪ್ಲೇಟ್‌ಲೆಟ್ ಎಷ್ಟು? ಆದರೆ ಅಪಾಯ ಬರುವುದು ಜ್ವರ ಇಳಿಯುವ ಹೊತ್ತಿಗೆ, ರಕ್ತನಾಳಗಳಿಂದ ದ್ರವ ಸೋರುವುದರಿಂದ. ಬಿಪಿ 100/80 ಎಂದು ಬರೆದು ‘ನಾರ್ಮಲ್’ ಎಂದುಕೊಳ್ಳುವವರು ಎರಡು ಅಂಕಿಗಳ ನಡುವಿನ ಅಂತರ ನೋಡಿಲ್ಲ. ಅದು 20ಕ್ಕೆ ಇಳಿದರೆ ಆಘಾತ ಬಾಗಿಲಿಗೆ ಬಂದಿದೆ. ಕೈಕಾಲು ತಣ್ಣಗಾಗುವುದು, ಹೊಟ್ಟೆನೋವು, ನಿಲ್ಲದ ವಾಂತಿ, ಹೆಮಟೋಕ್ರಿಟ್ ಏರುವುದು ಇವು ಪ್ಲೇಟ್‌ಲೆಟ್ಟಿಗಿಂತ ಮುಖ್ಯ.

ಆಮ್ಲಜನಕದ ಲೆಕ್ಕವನ್ನು 2021 ನಮಗೆ ಕ್ರೂರವಾಗಿ ಕಲಿಸಿತು. ಆ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತ ಸುದ್ದಿ ರಾಜ್ಯವನ್ನು ಅಲ್ಲಾಡಿಸಿತು. ಅದು ಪೂರೈಕೆಯ ವ್ಯವಸ್ಥೆ ಕುಸಿದದ್ದು, ನರ್ಸುಗಳ ತಲೆಗೆ ಕಟ್ಟುವಂಥದ್ದಲ್ಲ. ಆದರೆ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಎಂಬುದು ಪ್ರತಿ ನರ್ಸಿನ ನಾಲಿಗೆಯ ತುದಿಯಲ್ಲಿರಬೇಕು. ದೊಡ್ಡ ಜಂಬೊ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್, ಸಣ್ಣ ‘ಬಿ ಟೈಪ್’ನಲ್ಲಿ ಸುಮಾರು 1500. ನಿಮಿಷಕ್ಕೆ 10 ಲೀಟರ್ ಹೋಗುತ್ತಿದ್ದರೆ ದೊಡ್ಡದು ಹನ್ನೊಂದೂವರೆ ಗಂಟೆ. ಹೈ ಫ್ಲೋ ಯಂತ್ರದಲ್ಲಿ ಪೂರ್ತಿ ಆಮ್ಲಜನಕ ಇಟ್ಟು 60 ಲೀಟರ್ ಹರಿಸಿದರೆ ಎರಡು ಗಂಟೆಯೂ ಇಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ.; ಘಟ್ಟದ ಮಳೆಯಲ್ಲಿ ಆಂಬುಲೆನ್ಸಿನಲ್ಲಿ ರೋಗಿಗೆ 10 ಲೀಟರ್ ಕೊಡುತ್ತ ಒಂದೇ ಸಣ್ಣ ಸಿಲಿಂಡರ್ ಹಿಡಿದು ಹೊರಟರೆ ಎರಡೂವರೆ ಗಂಟೆಗೆ ಮುಗಿಯಿತು. ಗೇಜ್ ಅರ್ಧ ತೋರಿಸಿದರೆ ಅದರರ್ಧ.

ಕಲಿತದ್ದು ತಿರುಗುಮುರುಗಾಗುವುದೂ ಉಂಟು. 2001ರಲ್ಲಿ ಬೆಲ್ಜಿಯಂನ ಅಧ್ಯಯನವೊಂದು ಐಸಿಯು ರೋಗಿಗಳ ಸಕ್ಕರೆಯನ್ನು ಬಿಗಿಯಾಗಿ ಇಳಿಸಿದರೆ ಸಾವು ಕಡಿಮೆಯಾಗುತ್ತದೆ ಎಂದಾಗ ಜಗತ್ತೆಲ್ಲ ಅದನ್ನು ಅನುಸರಿಸಿತು. 2009ರಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ‘ನೈಸ್ ಶುಗರ್’ ಪ್ರಯೋಗ, ಹಾಗೆ ಇಳಿಸಿದವರಲ್ಲೇ ಸಾವು ಹೆಚ್ಚು ಎಂದಿತು. ಈಗ 180ರ ಒಳಗಿದ್ದರೆ ಸಾಕು. ಗಾಢ ನಿದ್ದೆಯ ಔಷಧಿಯೂ ಹಾಗೆಯೇ ಹಿಂದೆ ಸರಿಯಿತು. ದಿನಕ್ಕೊಮ್ಮೆ ನಿಲ್ಲಿಸಿ ಎಬ್ಬಿಸಿದರೆ ವೆಂಟಿಲೇಟರಿನಿಂದ ಬೇಗ ಹೊರಬರುತ್ತಾರೆ ಎಂದು 2000ದಿಂದ ಗೊತ್ತು. ರಾತ್ರಿ ಅಜ್ಜ ಪೈಪು ಕೀಳಲು ಹೊರಟರೆ ಕೈ ಕಟ್ಟಿಹಾಕುವುದಕ್ಕೆ ಮೊದಲು ಕನ್ನಡಕ ಹಾಕಿ, ಕಿವಿಯ ಯಂತ್ರ ಇಟ್ಟು, ಅವರ ಭಾಷೆಯಲ್ಲಿ ‘ಅಜ್ಜಾ, ಇದು ಆಸ್ಪತ್ರೆ, ಮಗ ಹೊರಗೆ ಕೂತಿದ್ದಾನೆ’ ಎನ್ನಬೇಕು. ಬೆಂಗಳೂರಿನ ಎಷ್ಟೋ ಐಸಿಯುಗಳಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಹುಡುಗಿಯರು ಈ ಎರಡು ವಾಕ್ಯದ ಕನ್ನಡವನ್ನು ಮೊದಲ ವಾರದಲ್ಲೇ ಕಲಿಯುತ್ತಾರೆ. ಅದನ್ನೂ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸಬೇಕು.

ಕಂಡದ್ದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ‘ಸರ್, ಎಂಟನೇ ಬೆಡ್ ಪೇಷಂಟ್ ಯಾಕೋ ಸರಿ ಕಾಣ್ತಿಲ್ಲ ಸರ್’ ಎಂದರೆ ‘ನೋಡ್ತಾ ಇರಿ’ ಎಂಬ ಉತ್ತರ ಬರುತ್ತದೆ. ಅದೇ ಮಾತನ್ನು ‘ಸರ್, ಎಂಟನೇ ಬೆಡ್, ನಿನ್ನೆ ಕರುಳಿನ ಆಪರೇಷನ್ ಆದವರು. ಹತ್ತು ಗಂಟೆಗೆ ಉಸಿರು 18 ಇತ್ತು, ಈಗ 28. ಬಿಪಿ 88/50, ಕಳೆದ ಎರಡು ತಾಸಿನಿಂದ ಮೂತ್ರ ಇಲ್ಲ. ಸೆಪ್ಸಿಸ್ ಅನ್ನಿಸ್ತಿದೆ. ಈಗಲೇ ಬಂದು ನೋಡಬೇಕು, ಅಷ್ಟರಲ್ಲಿ ಬ್ಲಡ್ ಕಲ್ಚರ್, ಲ್ಯಾಕ್ಟೇಟ್ ತೆಗೀಲಾ?’ ಎಂದು ಹೇಳಿದರೆ ಚಪ್ಪಲಿ ಹಾಕಿಕೊಳ್ಳದೆ ಬರುತ್ತಾರೆ. ಸ್ಥಿತಿ, ಹಿನ್ನೆಲೆ, ಅಂದಾಜು, ಬೇಡಿಕೆ ಎಂಬ ಈ ನಾಲ್ಕು ಮೆಟ್ಟಿಲಿನ ಕ್ರಮ ಅಮೆರಿಕದ ಜಲಾಂತರ್ಗಾಮಿ ನೌಕೆಗಳಿಂದ ಆಸ್ಪತ್ರೆಗೆ ಬಂದದ್ದು. ಮೂರನೆಯ ಮೆಟ್ಟಿಲಲ್ಲಿ ನಮ್ಮವರು ತೊದಲುತ್ತಾರೆ, ಏಕೆಂದರೆ ‘ನನಗೆ ಹೀಗನ್ನಿಸುತ್ತದೆ’ ಎನ್ನುವುದು ಡಾಕ್ಟರ ಹಕ್ಕು ಎಂದು ಕಾಲೇಜಿನಿಂದಲೇ ಕಲಿಸಿರುತ್ತೇವೆ.

ಆ ಹಕ್ಕು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯ ಸಾಕ್ಷಿ. ಪೀಟರ್ ಪ್ರೊನೊವೊಸ್ಟ್ ಅವರ ತಂಡ ಅಲ್ಲಿನ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಸೆಂಟ್ರಲ್ ಲೈನ್ ಹಾಕುವಾಗ ಪಾಲಿಸಬೇಕಾದ ಐದು ಅಂಶಗಳನ್ನು ಜಾರಿಗೆ ತಂದಿತು: ಕೈ ತೊಳೆಯುವುದು, ಪೂರ್ತಿ ಹೊದಿಕೆ, ಕ್ಲೋರ್‌ಹೆಕ್ಸಿಡಿನ್, ಆದಷ್ಟು ತೊಡೆಯ ಜಾಗ ಬಿಡುವುದು, ಬೇಡವಾದ ಲೈನ್ ತೆಗೆಯುವುದು. ಇದರಲ್ಲಿ ಹೊಸದೇನಿಲ್ಲ. ಹೊಸದಾಗಿದ್ದದ್ದು, ಕ್ರಮ ತಪ್ಪಿದರೆ ಡಾಕ್ಟರನ್ನು ಅಲ್ಲೇ ನಿಲ್ಲಿಸುವ ಅಧಿಕಾರವನ್ನು ನರ್ಸಿಗೆ ಕೊಟ್ಟದ್ದು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವಿರ ಲೈನ್-ದಿನಕ್ಕೆ 2.7 ಇದ್ದ ಸೋಂಕಿನ ಪ್ರಮಾಣದ ಮಧ್ಯಾಂಕ ಮೂರು ತಿಂಗಳಲ್ಲಿ ಸೊನ್ನೆಗೆ ಬಂದಿತ್ತು.

ಗೊತ್ತಿದ್ದೂ ತಪ್ಪುವುದಕ್ಕೆ ಉಳಿದ ಕಾರಣ ಸರಳ: ಕೈ ಸಾಲದು. ಐರೋಪ್ಯ ಒಂಬತ್ತು ದೇಶಗಳ 300 ಆಸ್ಪತ್ರೆಗಳನ್ನು ಅಧ್ಯಯನ ಮಾಡಿದ ಲಿಂಡಾ ಐಕೆನ್ ಅವರ ತಂಡ 2014ರಲ್ಲಿ ಹೇಳಿದ್ದು ಇಷ್ಟು: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಆಪರೇಷನ್ ಆದವರು ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ. ವೆಂಟಿಲೇಟರಿನ ರೋಗಿಗೆ ಒಬ್ಬರಿಗೊಬ್ಬ ನರ್ಸ್ ಇರಬೇಕೆಂಬುದು ನಮ್ಮ ದೇಶದ ಮಾನದಂಡವೂ ಹೌದು. ಮೂವತ್ತು ಹಾಸಿಗೆಯ ವಾರ್ಡಿಗೆ ರಾತ್ರಿ ಒಬ್ಬರನ್ನೇ ಬಿಟ್ಟು, ಎಲ್ಲರ ಉಸಿರನ್ನೂ ಪೂರ್ತಿ ನಿಮಿಷ ಎಣಿಸಿ ಎಂದರೆ ಎಣಿಕೆಗೇ ಅರ್ಧ ಗಂಟೆ ಹೋಗುತ್ತದೆ. ಆ ಅರ್ಧ ಗಂಟೆಯಲ್ಲಿ ಡ್ರಿಪ್ ಬದಲಿಸುವವರು ಯಾರು?

ಓದಿಗೆ ದಾರಿಗಳು ಇಲ್ಲದಿಲ್ಲ. ಜಿಎನ್‌ಎಂ, ಬಿ.ಎಸ್‌ಸಿ. ಮುಗಿಸಿದವರಿಗೆ ತೀವ್ರ ನಿಗಾ ಶುಶ್ರೂಷೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಪದವಿಯಿದೆ. 1947ರ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೂ ಎಷ್ಟೋ ಕಡೆ ಹೊಸಬರಿಗೆ ಹಿರಿಯರ ಜೊತೆ ನಿಲ್ಲಿಸಿ ಕಲಿಸುವ ಅವಧಿ ತೀರಾ ಕಡಿಮೆ. ಖಾಸಗಿಯಲ್ಲಿ ಎರಡು ವರ್ಷ ಐಸಿಯು ಅನುಭವವಾದೊಡನೆ ಕೊಲ್ಲಿಗೋ ಬ್ರಿಟನ್ನಿಗೋ ಹೊರಡುತ್ತಾರೆ. ಸಂಬಳ ನೋಡಿದರೆ ಬೈಯಲು ಮನಸ್ಸು ಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಕಲಿತ ಶುಶ್ರೂಷಾಧಿಕಾರಿಯನ್ನು ಸರದಿಯ ಹೆಸರಿನಲ್ಲಿ ಹೊರರೋಗಿ ವಿಭಾಗಕ್ಕೆ ಹಾಕಿ, ಅಲ್ಲಿದ್ದವರನ್ನು ಐಸಿಯುಗೆ ತರುವುದು ಮಾಮೂಲು. ಅರಿವಳಿಕೆ ತಜ್ಞರನ್ನು ಆರು ತಿಂಗಳಿಗೊಮ್ಮೆ ಚರ್ಮರೋಗ ವಿಭಾಗಕ್ಕೆ ಕಳಿಸಿ ಎಂದು ಯಾರೂ ಆದೇಶ ಹೊರಡಿಸುವುದಿಲ್ಲ. ಐಸಿಯು ಶುಶ್ರೂಷೆಗೂ ಪ್ರತ್ಯೇಕ ಹುದ್ದೆ, ಪ್ರತ್ಯೇಕ ಭತ್ಯೆ, ಕನಿಷ್ಠ ಮೂರು ವರ್ಷ ಕದಲಿಸಬಾರದೆಂಬ ನಿಯಮ ಮಾಡಲು ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ; ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಮತ್ತು ಅದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಸಾಕು.